ಚೀಟಿ ಇಲ್ಲದ ಕ್ಯಾಸೆಟ್

ಅನಗವಾಡಿ
10 ಆಗಸ್ಟ್ 1986

ಗೆಳೆಯ ನಾಮದೇವನಿಗೆ,

ಮದುವೆಯಾಗಿ ಒಂದೂವರೆ ವರ್ಷದಲ್ಲಿ ಇದು ನನ್ನ ಎರಡನೇ ಪತ್ರ. ಬೈಯುವುದಿದ್ದರೆ ಮನಸ್ಸಿನಲ್ಲೇ ಬೈದುಕೋ, ಬರೆಯಬೇಡ. ಈ ಮನೆಯಲ್ಲಿ ಬರುವ ಪತ್ರವನ್ನೂ ಹೋಗುವ ಪತ್ರವನ್ನೂ ನಮ್ಮ ಮಾವ ಶಿದ್ರಾಮಪ್ಪನವರೇ ಮೊದಲು ಓದುತ್ತಾರೆ, ಅದೂ ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ. ಅತ್ತೆ, ನನ್ನ ಹೆಂಡತಿ ಶೇವಂತಿ, ಆಳುಗಳು ಎಲ್ಲರೂ ಕೇಳುತ್ತಾರೆ. ಇದು ಈ ಮನೆಯ ಹಿಂದಿನಿಂದ ಬಂದ ಪದ್ಧತಿ.

ವಿಷಯ ಇಷ್ಟೇ. ಮಾವ ಬಾಗಲಕೋಟೆಯಿಂದ ಟಿವಿ ಮತ್ತು ವಿಸಿಆರ್ ತಂದಿದ್ದಾರೆ. ನೀನು ಬನಹಟ್ಟಿಯಲ್ಲಿ ವಿಡಿಯೋ ಲೈಬ್ರರಿ ಇಟ್ಟಿದ್ದೀಯ ಎಂದು ಹೇಳಿದೆ. ಪ್ರತಿ ಶನಿವಾರ ಎರಡು ಕ್ಯಾಸೆಟ್ ಬೇಕು. ಬೀಳಗಿ ಬಸ್ಸಿನ ಕಂಡಕ್ಟರ್ ಹುಲೆಪ್ಪ ತಂದುಕೊಡುತ್ತಾನೆ, ಸೋಮವಾರ ವಾಪಸ್ ಒಯ್ಯುತ್ತಾನೆ. ದೇವರ ಚಿತ್ರ ಬೇಡ, ಅಳುವ ಚಿತ್ರ ಬೇಡ. ಮಾವನ ಮಾತಿನಲ್ಲೇ ಬರೆಯುತ್ತೇನೆ: “ಕೊಲಿ ಯಾರು ಮಾಡ್ಯಾರಂತ ಕಡೀತನಾ ಗೊತ್ತಾಗಬಾರದು. ಅಂಥಾದ್ದು ಕಳಸು ಅನ್ರಿ.”

ನಾನು ಸುಖವಾಗಿದ್ದೇನೆ. ತಂಗಿ ಇಂದ್ರವ್ವ ಇದೇ ಓಣಿಯಲ್ಲಿ, ಮಾವನ ತಮ್ಮನ ಸೊಸೆಯಾಗಿ ಸುಖವಾಗಿದ್ದಾಳೆ. ನನ್ನನ್ನು ಮನೆಯಳಿಯನಾಗಿ ಇಲ್ಲಿಗೆ ಕೊಟ್ಟು, ಹೆಣ್ಣಿಗೆ ಹೆಣ್ಣು ಎಂಬ ಸಾಟಿಗೆ ಅವಳನ್ನೂ ಇಲ್ಲಿಗೇ ಕೊಟ್ಟ ನಮ್ಮಪ್ಪ ಹಿರಿಯರ ಮುಂದೆ ಆಡಿದ ಮಾತು ನಿನಗೆ ಗೊತ್ತೇ ಇದೆ. ತಾಯಿ ಬೇನೆ ಬಿದ್ದರೆ ಮಾತ್ರ ನನ್ನನ್ನೂ ಶೇವಂತಿಯನ್ನೂ ಜೋಡಿಯಾಗಿ ಬನಹಟ್ಟಿಗೆ ಕಳಿಸುವುದು, ಇಲ್ಲದಿದ್ದರೆ ನಾವು ಈ ಮನೆಯವರು. ಅಪ್ಪ ತೀರಿಕೊಂಡರೂ ಅವನ ಮಾತು ಗಟ್ಟಿಯಾಗಿದೆ. ನಮ್ಮವ್ವನನ್ನು ಆಗಾಗ ನೋಡಿಕೊಂಡು ಬಾ.

ನಿನ್ನ
ಚನಮಲ್ಲಪ್ಪ

---

ಬನಹಟ್ಟಿ
17 ಆಗಸ್ಟ್ 1986

ಪ್ರೀತಿಯ ಚನಮಲ್ಲಪ್ಪನಿಗೆ, ಪಡಸಾಲೆಯಲ್ಲಿ ಕುಳಿತ ಹಿರಿಯರಿಗೆಲ್ಲ ನಮಸ್ಕಾರಗಳೊಂದಿಗೆ,

ಅಂತೂ ನೆನಪಾದೆನಲ್ಲ! ನನ್ನ ಅಂಗಡಿಯಲ್ಲಿ ಈಗ ನೂರಾ ಹನ್ನೆರಡು ಕ್ಯಾಸೆಟ್‌ಗಳಿವೆ. ಇಂಗ್ಲಿಷ್ ಹೆಸರುಗಳನ್ನು ಓದಲು ಬರುವುದಿಲ್ಲವೆಂದು ಎಲ್ಲಕ್ಕೂ ನಂಬರಿನ ಚೀಟಿ ಅಂಟಿಸಿದ್ದೇನೆ. ಮಗ್ಗದವರು ಬಂದು “ನಾಮದೇವಣ್ಣಾ, ನಲವತ್ಮೂರು ಕೊಡು” ಅನ್ನುತ್ತಾರೆ, ಔಷಧಿ ಕೇಳಿದ ಹಾಗೆ.

ಶನಿವಾರಕ್ಕೆ ಆ ನಲವತ್ಮೂರನ್ನೇ ಕಳಿಸಿದ್ದೇನೆ. ಎಲ್ಲೂ ನಿಲ್ಲದ ರೈಲಿನಲ್ಲಿ ಒಬ್ಬ ಪ್ರಯಾಣಿಕ ಕಡಿಮೆಯಾಗುತ್ತಾನೆ. ಮೊದಲ ಹತ್ತು ನಿಮಿಷ ಯಾರೂ ಚಹಾಕ್ಕೆ ಏಳಬಾರದು, ಎದ್ದರೆ ಕೆಟ್ಟಿರಿ. ಭಾನುವಾರಕ್ಕೆ ಎಪ್ಪತ್ತೊಂದು, ವಿಜ್ಞಾನದ ಚಿತ್ರ. ಒಂದು ಊರಿನ ಎಲ್ಲ ಗಡಿಯಾರಗಳೂ ಹನ್ನೊಂದು ನಿಮಿಷ ಹಿಂದೆ ಬಿದ್ದಿರುತ್ತವೆ. ಆ ಹನ್ನೊಂದು ನಿಮಿಷದಲ್ಲಿ ಊರಿಗೆ ಏನಾಯಿತು ಎಂದು ಯಾರಿಗೂ ನೆನಪಿಲ್ಲ. ಕೊನೆಯಲ್ಲಿ ಗೊತ್ತಾದಾಗ ನನಗೆ ಎರಡು ದಿನ ಗಡಿಯಾರ ನೋಡಲು ಧೈರ್ಯ ಬರಲಿಲ್ಲ. ಮೂರು ಸಲ ನೋಡಿದ್ದೇನೆ. ಇಂಗ್ಲಿಷ್ ಮಾತು, ಆದರೆ ನೀನಿದ್ದೀಯಲ್ಲ, ಐಟಿಐ ಓದಿದ ಪಂಡಿತ.

ವಾಪಸ್ ಕಳಿಸುವಾಗ ಟೇಪನ್ನು ಮೊದಲಿನವರೆಗೆ ಹಿಂದಕ್ಕೆ ಸುತ್ತಿ ಕಳಿಸು. ನಿಮ್ಮವ್ವ ಆರಾಮ.

ನಾಮದೇವ

---

ಅನಗವಾಡಿ
14 ಸೆಪ್ಟೆಂಬರ್ 1986

ನಾಮದೇವಾ,

ನೀನು ನಮ್ಮ ಮಾವನಿಗೆ ಹುಚ್ಚು ಹಿಡಿಸಿದೆ. ಶನಿವಾರ ಬಂತೆಂದರೆ ಹೊಲದಿಂದ ನಾಲ್ಕಕ್ಕೇ ಬರುತ್ತಾರೆ. ಓಣಿಯ ಇಪ್ಪತ್ತು ಜನ ಕೂಡುತ್ತಾರೆ. ನಾನು ಟಿವಿಯ ಪಕ್ಕ ನಿಂತು ಇಂಗ್ಲಿಷ್ ಮಾತನ್ನೆಲ್ಲ ಕನ್ನಡದಲ್ಲಿ ಹೇಳಬೇಕು. ಅರ್ಥವಾಗದ ಕಡೆ ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊನ್ನೆ ಒಬ್ಬ ಪೊಲೀಸನ ಬಾಯಲ್ಲಿ ಗೋವಿನಜೋಳದ ಧಾರಣೆ ಆಡಿಸಿದೆ, ಯಾರೂ ಹಿಡಿಯಲಿಲ್ಲ.

ಮಾವ ಹಿಡಿದಿದ್ದರು, ಆದರೆ ಆಮೇಲೆ ಹೇಳಿದರು. ಅವರ ಕಣ್ಣು ಬಹಳ ಚುರುಕು. ಮೊದಲ ಎರಡು ವಾರ ಅವರಿಗೆ ಕೊಲೆಗಾರ ಸಿಗಲಿಲ್ಲ. ಈಗ ಅರ್ಧದಲ್ಲೇ ಬೆರಳು ತೋರಿಸುತ್ತಾರೆ: “ಇಂವಾ ನೋಡ್ರಿ. ಎಲ್ಲಾರಕಿಂತ ಹೆಚ್ಚು ಸಮಾಧಾನ ಅದಾನ.” ಹಾಗೇ ಆಗುತ್ತದೆ. ಇನ್ನೂ ಕಠಿಣವಾದದ್ದು ಬೇಕಂತೆ.

ಶೇವಂತಿಗೆ ಈಗ ಮೂರು ತಿಂಗಳು. ಅವಳಿಗೆ ಬನಹಟ್ಟಿ ನೋಡುವ ಆಸೆ ಬಹಳ. ನೋಡಬೇಕು.

ಚನಮಲ್ಲಪ್ಪ

---

ಬನಹಟ್ಟಿ
5 ಅಕ್ಟೋಬರ್ 1986

ಚನಮಲ್ಲಾ,

ಪೇಡೆ ಹಂಚು! ಮದುವೆಗೆ ಮುಂಚೆ ನೀನು ನನ್ನ ಅಂಗಡಿಯ ವಿಳಾಸ ಕೊಟ್ಟು ಅರ್ಜಿ ಹಾಕಿದ್ದೆಯಲ್ಲ, ಆ ಆರ್ಡರ್ ಬಂದಿದೆ. ಜಮಖಂಡಿಯಲ್ಲಿ ಟೆಲಿಫೋನ್ ಮೆಕ್ಯಾನಿಕ್ ಕೆಲಸ. ಇರಲು ಎರಡು ಕೋಣೆಯ ಕ್ವಾರ್ಟರ್ಸ್. ನವೆಂಬರ್ 29ರ ಒಳಗೆ ಹಾಜರಾಗಬೇಕು. ನಾನು ನಿಮ್ಮವ್ವನಿಗೆ ಓದಿ ಹೇಳಿದೆ. ಕಣ್ಣೀರು ಒರೆಸಿಕೊಂಡು “ಜಮಖಂಡಿ ಅಂದ್ರ ಇಲ್ಲೇ ಬಾಜೂಕ” ಅಂದರು.

ಈ ಸಂತೋಷಕ್ಕೆ ನನ್ನ ಅತ್ಯಂತ ಪ್ರೀತಿಯ ತೊಂಬತ್ತನ್ನು ಕಳಿಸುತ್ತಿದ್ದೇನೆ. ಚಂದ್ರನ ಮೇಲೆ ಐದು ಜನ, ಊಟದ ತಟ್ಟೆ ಆರು. ದೀಪ ಆರಿಸಿ ನೋಡಿರಿ.

ಆರ್ಡರನ್ನು ಹುಲೆಪ್ಪನ ಕೈಯಲ್ಲಿ ಕಳಿಸಲೇ?

ನಾಮದೇವ

---

ಅನಗವಾಡಿ
12 ಅಕ್ಟೋಬರ್ 1986

ನಾಮದೇವಾ,

ಆರ್ಡರ್ ಕಳಿಸಬೇಡ, ನಿನ್ನ ಹತ್ತಿರವೇ ಇರಲಿ. ನಿನ್ನ ಪತ್ರವನ್ನು ಮಾವ ಎಲ್ಲರೆದುರು ಓದಿದರು. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಗುತ್ತಲೇ ಕೇಳಿದರು: “ನೌಕರಿ ಯಾಕ್ರಿ ಅಳಿಯಂದ್ರ? ಮನ್ಯಾಗ ಏನ ಕಡಿಮಿ ಆಗೇತ್ರಿ?” ಏನೂ ಇಲ್ಲ ಎಂದೆ. “ಹೋಗೂದಿದ್ರ ಹೋಗ್ರಿ. ಶೇವಂತಿ ಇಲ್ಲೇ ಇರತಾಳ. ನನ್ನ ತಮ್ಮ ಇಂದ್ರವ್ವನ್ನ ತವರಿಗೆ ಕಳಸತಾನ. ಸಾಟಿ ಅಂದ್ರ ಸಾಟಿ.” ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಹೋಗುವುದಿಲ್ಲ ಎಂದುಬಿಟ್ಟೆ.

ಇರಲಿ. ಇಷ್ಟು ದಿನ ನೀನು ಚಿತ್ರ ಹೇಳಿದೆ, ಈ ಸಲ ನಾನೊಂದು ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಐಟಿಐ ಓದುವಾಗ ಹಾಸ್ಟೆಲ್ಲಿನಲ್ಲಿ ನೋಡಿದ್ದು. ಕ್ಯಾಸೆಟ್ ಮೇಲೆ ಚೀಟಿ ಇರಲಿಲ್ಲ, ಹೆಸರು ಗೊತ್ತಿಲ್ಲ.

ಒಬ್ಬ ಮೆಕ್ಯಾನಿಕ್ ಹೆಂಡತಿಯ ಜೊತೆ ಆಕಾಶನೌಕೆಯಲ್ಲಿದ್ದಾನೆ. ಊಟ ಚೆನ್ನಾಗಿದೆ, ಹಾಸಿಗೆ ಮೆತ್ತಗಿದೆ. ಕ್ಯಾಪ್ಟನ್ ಬಹಳ ಮರ್ಯಾದೆಯ ಮನುಷ್ಯ. ಆದರೆ ಬಾಗಿಲಿಗೆ ಒಳಗಿನಿಂದ ಹಿಡಿಕೆ ಇಲ್ಲ. ಪಕ್ಕದ ನೌಕೆಯಲ್ಲಿ ಮೆಕ್ಯಾನಿಕ್‌ನ ತಂಗಿ ಇದ್ದಾಳೆ. ಇವನು ಬಾಗಿಲು ಒಡೆದರೆ ಅಲ್ಲಿ ಅವಳಿಗೆ ಗಾಳಿ ನಿಲ್ಲುತ್ತದೆ. ಉಳಿದ ದಾರಿ ಒಂದೇ. ಭೂಮಿಯಿಂದ “ತಾಯಿಗೆ ಹುಷಾರಿಲ್ಲ” ಎಂದು ತಂತಿ ಬಂದರೆ ನಿಯಮದಂತೆ ಕ್ಯಾಪ್ಟನ್ ಬಾಗಿಲು ತೆಗೆಯಲೇಬೇಕು. ಹಾಗೆ ತೆಗೆದ ಬಾಗಿಲಿಗೆ ತಂಗಿಯ ಗಾಳಿ ನಿಲ್ಲುವುದಿಲ್ಲ. ತಂತಿ ಸುಳ್ಳಾದರೂ ನಡೆಯುತ್ತದೆ. ಅದನ್ನು ಕಳಿಸಬೇಕಾದವನು ಭೂಮಿಯಲ್ಲಿರುವ ಅವನ ಗೆಳೆಯ.

ಅಷ್ಟರಲ್ಲಿ ಹಾಸ್ಟೆಲ್ಲಿನಲ್ಲಿ ಕರೆಂಟ್ ಹೋಯಿತು. ಆ ಗೆಳೆಯ ಏನು ಮಾಡಿದ ಎಂದು ತಿಳಿಯುವ ಆಸೆ ನನಗೆ ಇನ್ನೂ ಇದೆ.

ಚನಮಲ್ಲಪ್ಪ

---

ಬನಹಟ್ಟಿ
19 ಅಕ್ಟೋಬರ್ 1986

ಚನಮಲ್ಲಾ,

ನೌಕರಿ ಬೇಡ ಎಂದದ್ದು ಕೇಳಿ ಬೇಜಾರಾಯಿತು. ಆದರೂ ನಿನಗೆ ಅಲ್ಲಿ ಅಷ್ಟು ಸುಖವಿದ್ದರೆ ನಾನೇನು ಹೇಳಲಿ?

ನಿನ್ನ ಚಿತ್ರ ಮಾತ್ರ ನನ್ನ ನಿದ್ದೆ ಕೆಡಿಸಿದೆ. ಜಮಖಂಡಿಯ ಮೂರೂ ಲೈಬ್ರರಿಯಲ್ಲಿ ವಿಚಾರಿಸಿದೆ. ಬೆಳಗಾವಿಯ ಏಜೆಂಟನಿಗೆ ಟ್ರಂಕ್ ಕಾಲ್ ಮಾಡಿದೆ. ಅವನು ಪುಣೆಗೆ ಬರೆದಿದ್ದಾನೆ. ಯಾರ ಹತ್ತಿರವೂ ಇಲ್ಲ. ನಾಯಕನಿಗೆ ಗಡ್ಡ ಇತ್ತೇ? ಬಣ್ಣದ ಚಿತ್ರವೋ, ಕಪ್ಪು-ಬಿಳುಪೋ? ಇಷ್ಟು ತಿಳಿಸಿದರೆ ಹುಡುಕಲು ಸುಲಭ.

ಈ ವಾರಕ್ಕೆ ಮೂವತ್ತೆಂಟು. ಸತ್ತವನೇ ಪತ್ತೇದಾರ. ಮಾವನವರು ಇದನ್ನು ಹಿಡಿದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ.

ನಾಮದೇವ

---

ಅನಗವಾಡಿ
2 ನವೆಂಬರ್ 1986

ನಾಮದೇವಾ,

ಬಣ್ಣದ್ದು. ಗಡ್ಡ ಇರಲಿಲ್ಲ, ನನ್ನಷ್ಟೇ ಎತ್ತರ. ಮೂವತ್ತೆಂಟನ್ನು ಮಾವ ಇಪ್ಪತ್ತನೇ ನಿಮಿಷಕ್ಕೆ ಹಿಡಿದರು.

ಆ ಚಿತ್ರದ ಇನ್ನಷ್ಟು ನೆನಪಾಗಿದೆ, ಮನಸ್ಸಿಟ್ಟು ಓದು. ಭೂಮಿಯ ಗೆಳೆಯ ಅಂಗಡಿ ಇಟ್ಟುಕೊಂಡವನು. ಅವನ ಅಂಗಡಿಯಲ್ಲಿ ಮೆಕ್ಯಾನಿಕ್‌ಗೆ ಸೇರಿದ ಒಂದು ಕಾಗದ ಇದೆ, ಅದರ ಅವಧಿ ಮುಗಿಯುತ್ತ ಬಂದಿದೆ. ಮೆಕ್ಯಾನಿಕ್ ಪ್ರತಿ ವಾರ ನೌಕೆಯ ಕಿಟಕಿಯಿಂದ ಗೆಳೆಯನಿಗೆ ಕೈ ಮಾಡುತ್ತಾನೆ. ಗೆಳೆಯ ನೋಡುತ್ತಾನೆ, ತಾನೂ ನಗುತ್ತ ಕೈ ಮಾಡುತ್ತಾನೆ, ಮನೆಗೆ ಹೋಗುತ್ತಾನೆ. ಮೆಕ್ಯಾನಿಕ್‌ಗೆ ಕೂಗಬೇಕು ಅನಿಸುತ್ತದೆ. ಕೂಗಿದರೆ ಕ್ಯಾಪ್ಟನ್‌ಗೆ ಕೇಳಿಸುತ್ತದೆ.

ನನಗಂತೂ ಈ ಚಿತ್ರ ನೆನೆದರೆ ಉಸಿರು ಕಟ್ಟುತ್ತದೆ. ನವೆಂಬರ್ ಇಪ್ಪತ್ತೆಂಟರೊಳಗೆ ನೀನು ಇದರ ಕೊನೆ ಹುಡುಕಲೇಬೇಕು. ಆಮೇಲೆ ನೋಡಿ ಪ್ರಯೋಜನವಿಲ್ಲ.

ಚನಮಲ್ಲಪ್ಪ

---

ಬನಹಟ್ಟಿ
16 ನವೆಂಬರ್ 1986

ಚನಮಲ್ಲಾ,

ಪುಣೆಯಿಂದಲೂ ಉತ್ತರ ಬಂತು, ಅಂಥ ಚಿತ್ರವೇ ಇಲ್ಲವಂತೆ. ಹೋಗಲಿ ಬಿಡು. ನನಗೀಗ ಅದರ ಮೇಲೆ ಸಿಟ್ಟೂ ಬಂದಿದೆ. ನೂರು ಚಿತ್ರ ನೋಡಿದವನ ಮಾತು ಕೇಳು, ಆ ಕಥೆಯಲ್ಲಿ ಒಂದು ದೊಡ್ಡ ತಪ್ಪಿದೆ. ಭೂಮಿಯ ಗೆಳೆಯ ಅಷ್ಟು ದಡ್ಡನಾಗಿರಲು ಸಾಧ್ಯವೇ? ಅವನು ವಾರವಾರವೂ ಕೈ ಮಾಡುತ್ತಾನಂತೆ, ಇವನು ನಕ್ಕು ಮನೆಗೆ ಹೋಗುತ್ತಾನಂತೆ! ನೋಡುವವರು ಬಿದ್ದು ಬಿದ್ದು ನಗುತ್ತಾರೆ. ನಾನು ಆ ಚಿತ್ರ ತೆಗೆದಿದ್ದರೆ ಗೆಳೆಯನಿಗೆ ಸ್ವಲ್ಪ ಬುದ್ಧಿ ಕೊಟ್ಟಿರುತ್ತಿದ್ದೆ.

ಆದರೂ ಕಥೆಗೆ ಎಳೆಯುವ ಗುಣವಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ನಿಮ್ಮವ್ವನಿಗೂ ಹೇಳಿದೆ. ಅವರ ಪ್ರಶ್ನೆ ಕೇಳಿ ನಗು ಬಂತು. “ಯಪ್ಪಾ, ಆ ಹುಡುಗ ಸೊರಗ್ಯಾನೇನೋ?” ಅಂದರು. ಸಿನಿಮಾ ಎಂದರೆ ಹಿರಿಯರಿಗೆ ಎಲ್ಲವೂ ನಿಜ! ಆಮೇಲೆ ಇನ್ನೊಮ್ಮೆ ಮೊದಲಿನಿಂದ ಹೇಳಿಸಿಕೊಂಡರು. ಸ್ವಲ್ಪ ಕೆಮ್ಮುತ್ತಿದ್ದಾರೆ, ಚಳಿಗಾಲ ನೋಡು. ನಿಮ್ಮಣ್ಣ ಗಿರಿಮಲ್ಲಪ್ಪ ಔಷಧಿ ತಂದಿದ್ದಾನೆ.

ಈ ವಾರ ಐವತ್ತಾರು ಮತ್ತು ನೂರಾ ಒಂದು.

ನಾಮದೇವ

---

ತಂತಿ
ಬನಹಟ್ಟಿ, 27 ನವೆಂಬರ್ 1986

ತಾಯಿ ಗಂಭೀರ. ಜೋಡಿಯಾಗಿ ಕೂಡಲೇ ಹೊರಡು. ನಾಮದೇವ.

---

ಅನಗವಾಡಿ
28 ನವೆಂಬರ್ 1986

ನನ್ನ ನಾಮದೇವಾ,

ಕೊನೆಗೂ ತಿಳಿಯಿತಲ್ಲ! ನಿನ್ನ ತಂತಿ ನೋಡಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ದಡ್ಡ, ದಡ್ಡ ಎಂದು ಒಂದೂವರೆ ತಿಂಗಳಿಂದ ನಿನ್ನನ್ನು ಬೈದುಕೊಂಡಿದ್ದೇನೆ, ಎಲ್ಲವನ್ನೂ ವಾಪಸ್ ತೆಗೆದುಕೊಂಡೆ.

ಆದರೆ ಈಗ ಅದರಿಂದ ಉಪಯೋಗವಾಗಲಿಲ್ಲ. ಇನ್ನು ಮುಚ್ಚಿಡುವುದೇನಿಲ್ಲ, ಮಾವ ಎದುರಿಗೇ ಕುಳಿತಿದ್ದಾರೆ. ತಂತಿಯನ್ನು ಪಡಸಾಲೆಯಲ್ಲಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೊದಲನೇ ಕಾಗದದಾಗನ ನನಗ ತಿಳೀತ್ರಿ ಅಳಿಯಂದ್ರ. ಮರ್ಯಾದಿ ಕ್ಯಾಪ್ಟನ್, ಬಾಜೂಕ ತಂಗಿ. ಇಷ್ಟ ಹೇಳಿದ ಮ್ಯಾಲೂ ತಿಳೀದಿರಾಕ ನಾ ಏನ ನಾಮದೇವ ಏನ್ರಿ?” ಮತ್ತೆ ಪತ್ರಗಳನ್ನು ಯಾಕೆ ತಡೆಯಲಿಲ್ಲ ಎಂದು ಕೇಳಿದೆ. “ಮುಂದೇನ ಆಗತೈತಿ ನೋಡೂನು ಅಂತ ಬಿಟ್ಟೆ. ನೀವ ಹಚ್ಚಿದ ಚಟಾ.”

ಅವರು ನಗುವುದನ್ನು ನೋಡಿ ನನಗೂ ನಗು ಬಂತು. ಸಿಕ್ಕಿಬಿದ್ದ ಕಳ್ಳನ ನಗು. ಶೇವಂತಿ ಮಾತ್ರ ನಗಲಿಲ್ಲ. “ಖರೆ ಇದ್ದರ?” ಎಂದು ಒಮ್ಮೆ ಅಂದಳು. ನಾನೇ ಅವಳನ್ನು ಸುಮ್ಮನಿರಿಸಿದೆ. ಸುಳ್ಳು ತಂತಿ ಕೇಳಿದವನೇ ನಾನು, ನನಗೆ ಗೊತ್ತಿಲ್ಲವೇ?

ಮಾವನಿಗೆ ಸಿಟ್ಟು ಬಂದಿಲ್ಲ. ಹೆರಿಗೆಯಾದ ಮೇಲೆ ನೌಕರಿಯ ವಿಚಾರ ನೋಡೋಣ ಎಂದಿದ್ದಾರೆ. ಅಷ್ಟರಲ್ಲಿ ಈ ನೌಕರಿ ಇರುವುದಿಲ್ಲ, ಆದರೂ ತಲೆ ಆಡಿಸಿದೆ.

ಸುಳ್ಳಾದರೂ ಬೇನೆಯ ಮಾತು ಕೆಟ್ಟದ್ದು. ಅವ್ವನಿಗೆ ಹೇಳಿ ಒಮ್ಮೆ ದೃಷ್ಟಿ ತೆಗೆಸು. ಅವಳ ಹೆಸರಿನಲ್ಲಿ ಹೀಗೆ ಮಾಡಿದ್ದಕ್ಕೆ ನಾನು ತಪ್ಪಾಯಿತು ಅಂದೆ ಎಂದು ಹೇಳು.

ಚನಮಲ್ಲಪ್ಪ

---

ಬನಹಟ್ಟಿ
3 ಡಿಸೆಂಬರ್ 1986

ಚನಮಲ್ಲಪ್ಪಾ,

ನಿನ್ನ ಇಪ್ಪತ್ತೆಂಟರ ಪತ್ರ ನಿನ್ನೆ ಬಂತು. ನೀವೆಲ್ಲ ಮೂರನೇ ದಿನದ ಕಾರ್ಯ ಮುಗಿಸಿ ಆ ಊರಿಗೆ ಮರಳಿ ಹೋದ ಮರುದಿನ. ಅವ್ವನಿಗೆ ಹೇಳು ಎಂದು ಬರೆದಿದ್ದೀಯ. ಯಾರಿಗೆ ಹೇಳಲಿ?

ಶಿದ್ರಾಮಪ್ಪನವರೇ, ಈ ಪತ್ರವನ್ನೂ ನೀವೇ ಓದುತ್ತಿದ್ದೀರಿ. ಓದಿರಿ. ಪಡಸಾಲೆಯಲ್ಲಿ ಗಟ್ಟಿಯಾಗಿಯೇ ಓದಿರಿ. ಮಣ್ಣು ಮಾಡಿದ ದಿನ ನಾನು ಬಾಯಿ ಬಿಡಲಿಲ್ಲ. ನೀವು ಯಾಕೆ ತಡ ಮಾಡಿದಿರಿ ಎಂದು ನನಗೆ ಗೊತ್ತೂ ಇರಲಿಲ್ಲ. ನಿನ್ನೆ ಗೊತ್ತಾಯಿತು.

ಇಪ್ಪತ್ತೇಳರ ಬೆಳಿಗ್ಗೆ ಚನಮಲ್ಲನ ತಾಯಿ ಶಿವಗಂಗವ್ವನಿಗೆ ಎದೆನೋವು ಬಂತು. ಜಮಖಂಡಿಯ ಆಸ್ಪತ್ರೆಗೆ ಸೇರಿಸಿದೆವು. ಗಿರಿಮಲ್ಲಪ್ಪ ಔಷಧಿಗೆ ಹೋಗಿದ್ದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: “ನಾಮದೇವಾ, ಆ ಸಿನಿಮಾದಾಗಿನ ಹುಡುಗ ನನ್ನ ಮಗಾನೋ.” ಆಗ ನನಗೆ ತಿಳಿಯಿತು. ನಿಂತಲ್ಲೇ ನಾಚಿಕೆಯಿಂದ ಸತ್ತ ಹಾಗಾಯಿತು. ನೂರು ಚಿತ್ರ ನೋಡಿದವನಿಗೆ ತಿಳಿಯದ್ದು, ಒಂದನ್ನೂ ನೋಡದವರಿಗೆ ಒಂದೇ ಸಲಕ್ಕೆ ತಿಳಿದಿತ್ತು. ಹಾಗಾದರೆ ಅಂದೇ ಯಾಕೆ ಹೇಳಲಿಲ್ಲವ್ವಾ ಎಂದು ಕೇಳಿದೆ. “ನಮ್ಮವರು ಹಿರ್ಯಾರ ಮುಂದ ಮಾತ ಕೊಟ್ಟಾರ. ಅದಕ್ಕ ಸುಳ್ಳ ಹ್ಯಾಂಗ ಬೆರಸಲೋ ಯಪ್ಪಾ? ಅದಕ್ಕ ಸುಮ್ಕ ಇದ್ದೆ. ಈಗ ಖರೆನ ಬ್ಯಾನಿ ಬಂತಲ್ಲ, ಛಲೋ ಆತು. ಈಗ ಹಾಕು ತಂತಿ.”

ಛಲೋ ಆತು ಅಂದರು, ಚನಮಲ್ಲಾ. ನಗುತ್ತ ಅಂದರು.

ನಾನೇ ಬೈಕ್ ಹತ್ತಿ ಬರಬೇಕಿತ್ತು. ಬರಲಿಲ್ಲ. ನಿನ್ನ ಚಿತ್ರದಲ್ಲಿ ತಂತಿಗೇ ಬಾಗಿಲು ತೆಗೆಯುತ್ತಿತ್ತಲ್ಲ, ಅದನ್ನೇ ನಂಬಿದೆ. ಎರಡು ದಿನ ಬೀಳಗಿಯಿಂದ ಬರುವ ಪ್ರತಿ ಬಸ್ಸಿಗೆ ನಿಂತೆ. ಪ್ರತಿ ಸಲ ಆಸ್ಪತ್ರೆಗೆ ಹೋಗಿ “ಮುಂದಿನ ಬಸ್ಸಿಗೆ ಬರತಾರವ್ವಾ” ಎಂದು ಹೇಳಿದೆ. ಇಪ್ಪತ್ತೊಂಬತ್ತರ ಮುಂಜಾನೆ ಹೇಳಲು ಹೋದಾಗ ಅವರಿರಲಿಲ್ಲ. ಸುದ್ದಿ ಹೇಳಲು ನಾನು ಬೈಕ್ ಹತ್ತಿದ್ದು ಆಗ.

ಟೆಲಿಫೋನ್ ಆಫೀಸಿಗೆ ಹೋಗಿದ್ದೆ. ತಾಯಿ ತೀರಿದ ಕಾರಣಕ್ಕೆ ಸಾಹೇಬರು ಡಿಸೆಂಬರ್ ಹದಿನೈದರವರೆಗೆ ಸಮಯ ಕೊಟ್ಟಿದ್ದಾರೆ. ಶಿದ್ರಾಮಪ್ಪನವರೇ, ಆ ತಾಯಿ ಮಾತು ಮುರಿಯಲಿಲ್ಲ. ಇನ್ನು ನೀವು ಏನು ಮಾಡುತ್ತೀರಿ?

ನಾಮದೇವ

---

ಅನಗವಾಡಿ
8 ಡಿಸೆಂಬರ್ 1986

ನಾಮದೇವಾ,

ನಿನ್ನ ಪತ್ರವನ್ನು ಮಾವ ಓದಲಿಲ್ಲ. ಒಡೆಯದೆ ನನ್ನ ಕೈಗೆ ಕೊಟ್ಟರು. “ಇನ್ನ ಮ್ಯಾಲೆ ನಿಮ್ಮ ಕಾಗದಾ ನೀವ ಓದ್ರಿ” ಎಂದು ಒಳಗೆ ಹೋದರು. ಅವರು ಗಟ್ಟಿಯಾಗಿ ಓದಲಿ ಎಂದು ನೀನು ಬರೆದದ್ದನ್ನು ನಾನು ದನದ ಕೊಟ್ಟಿಗೆಯಲ್ಲಿ ಕುಳಿತು ಒಬ್ಬನೇ ಓದಿದೆ.

ಸಂಜೆ ಮಾವ ಕೇಳಿದರು, “ಏನ ಬರದಾನ್ರಿ?” “ಎಲ್ಲಾರೂ ಆರಾಮ ಅದಾರಂತ್ರಿ” ಅಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅವರು ಬಾಗಿಲು ಬಿಟ್ಟುಕೊಟ್ಟಿದ್ದಾರೆ. ಶೇವಂತಿಯನ್ನು ಕರೆದುಕೊಂಡು ಹೋಗಿರಿ, ಇಂದ್ರವ್ವನನ್ನು ಯಾರೂ ಏನೂ ಅನ್ನುವುದಿಲ್ಲ ಎಂದು ತಮ್ಮನನ್ನು ಕೂರಿಸಿಕೊಂಡೇ ಹೇಳಿದ್ದಾರೆ. ಒಂದೂವರೆ ವರ್ಷ ಯಾವ ಮಾತಿಗೆ ಕಾದೆನೋ ಆ ಮಾತು ಬಂತು. ಆದರೆ ನನಗೆ ಸಂತೋಷವಾಗಲಿಲ್ಲ. ಆ ದಿನ ಪಡಸಾಲೆಯಲ್ಲಿ ನಕ್ಕವರು ಅವರೊಬ್ಬರೇ ಅಲ್ಲ, ನಾಮದೇವಾ. ನಾನೂ ನಕ್ಕಿದ್ದೆ. ಶೇವಂತಿಯ ಬಾಯಿ ಮುಚ್ಚಿಸಿದವನೂ ನಾನೇ. ಇಲ್ಲಿಂದ ಹೊರಬಿದ್ದು ಎಲ್ಲಿಗೆ ಹೋದರೂ ಆ ನಗುವಿನಿಂದ ನಾನು ಹೊರಬೀಳಲಾರೆ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ನಿನ್ನೆ ಭಾನುವಾರ ಓಣಿಯವರು ರೂಢಿಯಂತೆ ಬಂದು ಕುಳಿತರು. ಯಾರೂ ಟಿವಿ ಹಚ್ಚಿರಲಿಲ್ಲ. ನಾನು ಮಾವನ ಜಾಗದಲ್ಲಿ ಕುಳಿತು ನಿನ್ನ ಪತ್ರವನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಶೇವಂತಿ ನನ್ನನ್ನೇ ನೋಡುತ್ತಿದ್ದಳು. ಅವ್ವನ ಮಾತು ಬಂದ ಕಡೆ ಪತ್ರ ಕೆಳಗಿಟ್ಟೆ. ನೀರು ಕುಡಿದು ಅದನ್ನೂ ಓದಿದೆ.

ಮುಗಿದ ಮೇಲೆ ಯಾರೂ ಏಳಲಿಲ್ಲ. ಮಾವ ನೆಲ ನೋಡುತ್ತ ಕುಳಿತಿದ್ದರು. ತಲೆ ಎತ್ತದೆ ಅಂದರು, “ನಿಮ್ಮವ್ವಾರು ಅಂದದ್ದು ಇನ್ನೊಮ್ಮೆ ಓದ್ರಿ.”

ಹದಿನೈದರ ಬೆಳಿಗ್ಗೆ ಶೇವಂತಿಯನ್ನು ಕರೆದುಕೊಂಡು ಜಮಖಂಡಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಬಾ. ಅವ್ವನ ಆ ಮಾತನ್ನು ಇನ್ನೊಮ್ಮೆ ಓದಲು ನನ್ನಿಂದ ಆಗಲಿಲ್ಲ.

ಚನಮಲ್ಲಪ್ಪ